ಸೋಪಿನ ಕಪಾಟಿನ ಹಿಂದಿನ ದನಿ

ತಾರೀಖು ಹನ್ನೆರಡು, ಭಾನುವಾರ ಮಧ್ಯಾಹ್ನ

ಮೂವತ್ತು ವರ್ಷ ಪರದೆಯ ಮರೆಯಲ್ಲಿ ನಿಂತು, ಮರೆತ ಮಾತು ಎತ್ತಿಕೊಟ್ಟು ನನ್ನ ಮಾನ ಕಾಪಾಡಿದ ಪ್ರಾಂಪ್ಟರ್ ಮಹಾಶಯನಿಗೆ, ನಿನ್ನ ನಾಟಕ ಕಂಪನಿಯ ಖಳನಾಯಕನ ನಮಸ್ಕಾರ.

ಮುಂದೆ ಓದುವ ಮೊದಲು ಬಾಗಿಲು ಹಾಕಿಕೋ. ನಮ್ಮ ಮನೆಯಲ್ಲಿ ಪಿತೂರಿ ನಡೆಯುತ್ತಿದೆ. ನೀನು ನಗುತ್ತೀಯ, ಗೊತ್ತು. ಆದರೆ ಎಷ್ಟೋ ರಾಜರಿಗೆ ವಿಷವಿಟ್ಟವನು ನಾನು, ಎಷ್ಟೋ ರಾಜಕುಮಾರರನ್ನು ಸೆರೆಗೆ ತಳ್ಳಿದವನು. ಪಿತೂರಿಯ ವಾಸನೆ ನನಗಲ್ಲದೆ ಇನ್ಯಾರ ಮೂಗಿಗೆ ಬಡಿಯಬೇಕು?

ಸಾಕ್ಷಿ ಕೇಳು. ಮೂರು ವಾರದಿಂದ ನನ್ನ ಚಪ್ಪಲಿ ಬಾಗಿಲ ಕಡೆ ಮುಖ ಮಾಡಿ, ಎಡ ಬಲ ಸರಿಯಾಗಿ, ಕಾವಲುಗಾರರ ಹಾಗೆ ನಿಂತಿರುತ್ತವೆ. ನಾನು ಇಟ್ಟದ್ದಲ್ಲ. ಕನ್ನಡಕದ ಗಾಜು ಯಾರೋ ಒರೆಸಿಟ್ಟಿರುತ್ತಾರೆ. ಮನೆಯ ಕೀಲಿಕೈ ನಾನು ಎಲ್ಲಿಟ್ಟರೂ (ಒಮ್ಮೆ ಸಕ್ಕರೆ ಡಬ್ಬಿಯಲ್ಲಿಟ್ಟಿದ್ದೆ, ಕಳ್ಳರಿಗೆ ಸಿಗದಿರಲಿ ಎಂದು ಬೇಕೆಂದೇ) ಮರುದಿನ ಮೊಳೆಗೆ ತೂಗುತ್ತಿರುತ್ತದೆ. ಕದ್ದೊಯ್ಯುವ ಕಳ್ಳರನ್ನು ನೋಡಿದ್ದೇವೆ. ತಂದಿಡುವ ಕಳ್ಳರನ್ನು ಎಲ್ಲಾದರೂ ಕಂಡಿದ್ದೀಯಾ?

ನನ್ನ ಅನುಮಾನ ಮೊಮ್ಮಗಳ ಮೇಲೆ. ಎಂಟು ವರ್ಷ. ಗಾತ್ರ ಚಿಕ್ಕದು, ಸಿಡಿತ ದೊಡ್ಡದು, ಅದಕ್ಕೇ ಸಾಸಿವೆ ಎಂದು ಕರೆಯುತ್ತೇವೆ. ಸಂಜೆ ನಾನು ಹೊರಟರೆ ಅವಳೂ ಮಾಯ. ತಿರುಗಿ ನೋಡಿದರೆ ದೀಪದ ಕಂಬದ ಹಿಂದೆ ಒಂದು ಜಡೆ.

ಕರೆಸಿ ವಿಚಾರಣೆ ನಡೆಸಿದೆ. ಮೂರನೇ ಅಂಕದ ದನಿಯಲ್ಲೇ ಕೇಳಿದೆ, "ಎಲ್ಲಿಗೆ ಹೋಗಿದ್ದೆ?"

"ಎಲ್ಲೂ ಇಲ್ಲ ತಾತ."

"ನಿನ್ನನ್ನ ಕಳಿಸಿದವರು ಯಾರು?"

"ನನ್ನನ್ನ ನಾನೇ ಕಳಿಸ್ಕೊಂಡೆ."

ಇಂಥ ಉತ್ತರ ಪಳಗಿದ ಗೂಢಚಾರರು ಮಾತ್ರ ಕೊಡುತ್ತಾರೆ.

ಕಳಿಸಿದವಳು ನನ್ನ ಮಗಳೇ ಎಂದು ತೀರ್ಮಾನಿಸಿದೆ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನಾನು ಮೆಟ್ಟಿಲಿಳಿದ ಕೂಡಲೇ ಹೊಲಿಗೆ ಮಿಷನ್ನಿನ ಸದ್ದು ನಿಂತುಬಿಡುತ್ತದೆ, ಇದನ್ನೂ ಗುರುತು ಹಾಕಿಕೊಂಡಿದ್ದೇನೆ. ಹೋದ ತಿಂಗಳು ಹೊಸ ಕಟ್ಟಡವೊಂದನ್ನು ನೋಡಲು ನಾನು ಸ್ವಲ್ಪ ಸುತ್ತು ದಾರಿ ಹಿಡಿದಿದ್ದೆ. ದಾರಿ ತಪ್ಪಿರಲಿಲ್ಲ. ಅಂಚೆಯವನು ಸುಮ್ಮನೆ ಜೊತೆಗೆ ಮನೆತನಕ ಬಂದ, ಅಷ್ಟೆ. ಮಗಳು ಅದನ್ನೇ ಹಿಡಿದು, "ಅಪ್ಪ, ಇನ್ನೊಂದ್ಸಲ ಹೀಗಾದ್ರೆ ನೀವು ಒಬ್ರೇ ಹೊರಗೆ ಹೋಗೋದು ಬಂದ್, ಈಗ್ಲೇ ಹೇಳಿದೀನಿ" ಅಂದಳು. ಔಷಧಿ ಅಂಗಡಿ, ಗ್ರಂಥಾಲಯ, ಉದ್ಯಾನದ ಬೆಂಚು: ಆ ಸಂಜೆಯ ಸುತ್ತು ಒಂದೇ ಈಗ ನನಗೆ ಉಳಿದಿರುವ ರಂಗಸ್ಥಳ. ಅದನ್ನೂ ಕಿತ್ತುಕೊಳ್ಳಲು ಮಗುವನ್ನು ಬೇಹುಗಾರಿಕೆಗೆ ಬಿಟ್ಟಿದ್ದಾಳೆ ಎಂದು ಹಲ್ಲು ಕಡಿದೆ.

ನಿನ್ನೆ ಔಷಧಿ ಅಂಗಡಿಗೆ ಹೋದೆ. ಅಂಗಡಿಯವನು ಎಂದಿನಂತೆ, "ಬನ್ನಿ ರಾಜದ್ರೋಹಿಗಳೇ, ಇವತ್ತು ಯಾರಿಗೆ ವಿಷ?" ಅಂದ. ನಾನು ಬಾಯಿ ತೆರೆದೆ.

ಗೆಳೆಯಾ, ನಿನ್ನ ಹತ್ತಿರ ಮುಚ್ಚಿಡುವುದೇನು. ಏನೂ ಬರಲಿಲ್ಲ. ಯಾಕೆ ಬಂದೆ, ಏನು ಬೇಕು, ಒಂದೂ ಇಲ್ಲ. ತಲೆ ಒರೆಸಿಟ್ಟ ಕಪ್ಪು ಹಲಗೆ. ಬೆನ್ನ ಹಿಂದೆ ಮೂರು ಜನ ಕಾಯುತ್ತಿದ್ದರು, ತುಂಬಿದ ಸಭೆಯ ಹಾಗೆ.

ಆಗ ಸೋಪಿನ ಕಪಾಟಿನ ಹಿಂದಿನಿಂದ ಒಂದು ಸಣ್ಣ ಕೆಮ್ಮು. ಆಮೇಲೆ ಒಂದೇ ಪದ: "ಕಣ್ಣಿಗೆ..."

"ಕಣ್ಣಿಗೆ ಬಿಡುವ ಹನಿ, ಎಡಗಣ್ಣಿಗೆ" ಎಂದು ಗುಡುಗಿದೆ. ಗಾಜಿನ ಬಾಗಿಲು ನಡುಗಿತು.

ಮೊದಲು ಕೆಮ್ಮು, ಆಮೇಲೆ ಮೊದಲ ಪದ ಮಾತ್ರ, ಉಳಿದದ್ದು ನಟನಿಗೇ ಬಿಡಬೇಕು. ಇದು ನಿನ್ನ ವಿದ್ಯೆ. ಕಥೆ ಹೇಳುತ್ತ ಮೊಮ್ಮಗಳ ಕಿವಿಗೆ ಹಾಕಿದವನು ನಾನೇ. ಗೋಡೆಯ ಕನ್ನಡಿಯಲ್ಲಿ ನೋಡಿದೆ. ಕಪಾಟಿನ ಹಿಂದೆ ಸಾಸಿವೆ, ನನ್ನ ಮಾತಿಗೆ ಸರಿಯಾಗಿ ತುಟಿ ಆಡಿಸುತ್ತ ನಿಂತಿದ್ದಳು. ಥೇಟ್ ನಿನ್ನ ಹಾಗೆ.

ಮನೆಗೆ ಬಂದವನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಶಾಲೆಯ ಚೀಟಿಯನ್ನು ಮೊದಲ ಸಲ ಓದಿದೆ. ಅವಳ ಟೀಚರ್ ಬರೆದದ್ದು: ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿ. ಯಾರಿಗೆ ಮಾಡುತ್ತೀರೋ ಅವರಿಗೆ ಗೊತ್ತಾಗಬಾರದು. ಗೊತ್ತಾದರೆ ಲೆಕ್ಕಕ್ಕಿಲ್ಲ.

ಪಿತೂರಿ ಬಯಲಾಯಿತು. ಆದರೆ ಅಲ್ಲೇ ಇನ್ನೊಂದು ವಿಷಯ ಹೊಳೆಯಿತು. ಔಷಧಿ ಅಂಗಡಿಗೂ ನಮ್ಮ ಮನೆಗೂ ನಡುವೆ ಬಸ್ಸು ಲಾರಿ ಓಡಾಡುವ ದೊಡ್ಡ ರಸ್ತೆಯಿದೆ. ಮೂರು ವಾರದಿಂದ ಆ ಮಗು ನನ್ನ ಬೆನ್ನ ಹಿಂದೆ ಅದನ್ನು ಒಂಟಿಯಾಗಿ ದಾಟಿದೆ.

ಊಟಕ್ಕೆ ಕೂತಾಗ ಮಗಳಿಗೆ ಹೇಳಿಬಿಡೋಣ ಎಂದುಕೊಂಡೆ. ಮರೆವು ಎಂಬ ಪದ ನಾಲಿಗೆಯ ತುದಿಗೆ ಬಂತು. ನುಂಗಿದೆ. "ಮಂಡಿ ನೋವು ಕಣಮ್ಮ. ಇನ್ಮೇಲೆ ಒಬ್ಬನೇ ಹೋಗೋಕಾಗಲ್ಲ. ಸಾಸಿವೆ ಕೈ ಹಿಡ್ಕೊಂಡು ಹೋಗ್ತೀನಿ" ಅಂದೆ. ಯಾವುದಕ್ಕಾಗಿ ಹಲ್ಲು ಕಡಿದಿದ್ದೆನೋ ಅದನ್ನು ನಾನೇ ಬಿಟ್ಟುಕೊಟ್ಟೆ.

ಮಗಳು ನನ್ನನ್ನೇ ನೋಡಿದಳು. "ಯಾವ ಮಂಡಿ ಅಪ್ಪ?"

"ಬಲ," ಅಂದೆ, ಎಡ ಮಂಡಿ ಹಿಡಿದುಕೊಂಡು.

"ಸರಿ" ಅಂದಳು. ನಂಬಿದಳು, ಪಾಪ. ನಟನೆ ಇನ್ನೂ ಕೈಬಿಟ್ಟಿಲ್ಲ ನೋಡು.

ಆಮೇಲೆ ಸಾಸಿವೆಗೆ ಕೇಳುವಂತೆ ಹೇಳಿದೆ, "ನನ್ನ ಚಪ್ಪಲಿ ಮುಟ್ಟೋ ಕಳ್ಳ ಯಾರು ಅಂತ ಮಾತ್ರ ಇನ್ನೂ ಪತ್ತೆ ಆಗಿಲ್ಲ. ಸಿಗಲಿ, ಚರ್ಮ ಸುಲೀತೀನಿ." ಅವಳು ತಟ್ಟೆಯ ಮೇಲೆ ಬಗ್ಗಿ ಕಿಸಕ್ಕೆಂದಳು. ಈ ಬೆಳಿಗ್ಗೆ ಚಪ್ಪಲಿ ಮತ್ತೆ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದವು. ಇಡೀ ಬೀದಿಗೆ ಕೇಳುವ ಹಾಗೆ ಕಳ್ಳನನ್ನು ಬೈದು, ಕಾಲು ತೂರಿಸಿದೆ.

ಇಂತಿ,
ನಿನ್ನ ಕೆಮ್ಮಿಗೆ ಈಗಲೂ ಕಿವಿಗೊಡುವ
ಖಳನಾಯಕ

ಮರೆತ ಮಾತು: ಪ್ರಾಂಪ್ಟರ್ ತಾತ, ಇದನ್ನ ಬರೀತಿರೋದು ಸಾಸಿವೆ. ಕವರ್ ಅಂಟಿಸೋಕೆ ತಾತ ನಂಗೆ ಕೊಟ್ರು. ಅದರ ಮೇಲೆ ನಿಮ್ಮ ಹಳೇ ಮನೆ ವಿಳಾಸ ಇತ್ತು, ನಾನು ಬೇರೆ ಕವರಲ್ಲಿ ಹೊಸದು ಬರ್ದೆ. ಒಳಗಡೆ ಓದಿಲ್ಲ. ಸ್ವಲ್ಪ ಓದ್ದೆ. ನಾನು ಒಂದಿನಾನೂ ರಸ್ತೆ ಒಂಟಿಯಾಗಿ ದಾಟಿಲ್ಲ. ನನ್ನ ಹಿಂದೆ ಅಮ್ಮ ಬರ್ತಿದ್ರು, ನಾನು ನೋಡಿಲ್ಲ ಅಂದ್ಕೊಂಡಿದಾರೆ. ಮಂಡಿ ವಿಷಯಾನೂ ಅಮ್ಮಂಗೆ ಗೊತ್ತು. ಆದ್ರೂ ಎರಡು ಮಂಡಿಗೂ ಎಣ್ಣೆ ಬಿಸಿ ಮಾಡ್ತಿದಾರೆ. ಯಾರಿಗೂ ಹೇಳ್ಬೇಡಿ. ಹೇಳಿದ್ರೆ ಯಾರದ್ದೂ ಲೆಕ್ಕಕ್ಕಿಲ್ಲ.