ತೆರೆಯದ ಸೆರಗಿನ ನಕ್ಷೆ

ಇಳಕಲ್ಲ
೨೧ ಜನವರಿ ೨೦೦೬, ಶನಿವಾರ

ಸೌಭಾಗ್ಯವತಿ ಶ್ರುತಿಗೆ ಅಪ್ಪನ ಆಶೀರ್ವಾದಗಳು.

ಸೌಭಾಗ್ಯವತಿ ಎಂಬ ಆ ಒಂದು ಪದ ಬರೆಯಲು ನನಗೆ ಮೂರು ವರ್ಷ ಬೇಕಾಯಿತು, ನಗಬೇಡ. ಮೈಗೆ ಹುಷಾರಿದ್ದೀಯಾ? ಕೂಸಿಗೆ ಹಲ್ಲು ಬಂದವೇ? ನಿನಗೆ ಕಂಪ್ಯೂಟರ್ ಕಲಿಸಿದ, ಕಂಪ್ಯೂಟರ್ ಅಂಗಡಿಯ ಖಾದರಬಾಷಾ ಕೆರೂರಿನ ಸಂತೆಯಲ್ಲಿ ನಿನ್ನನ್ನು ಕಂಡನಂತೆ, ಕಂಕುಳಲ್ಲಿ ಕೂಸಿತ್ತಂತೆ. ಹೆಸರೇನಿಟ್ಟಿದ್ದೀರೆಂದು ಅವನನ್ನು ಕೇಳಲು ನನಗೆ ನಾಚಿಕೆಯಾಯಿತು. ಮೊಮ್ಮಗಳ ಹೆಸರನ್ನು ಅಜ್ಜನಾದವನು ಅಂಗಡಿಯವನಿಂದ ತಿಳಿಯಬಾರದು. ಬೀರೇಶನೂ ಅವನ ಕುರಿಗಳೂ ಆರಾಮವಾಗಿರಬೇಕು. ನನ್ನ ಮೊಣಕಾಲು ಮೊದಲಿನ ಹಾಗೇ ನನ್ನ ಮಾತು ಕೇಳುವುದಿಲ್ಲ.

ಈಗ ಕೆಲಸದ ಮಾತು. ನಿನ್ನ ಕಂಪ್ಯೂಟರ್ ಕೆಟ್ಟಿದೆ. ಕೆಡಿಸಿದವನು ನಾನೇ. ನೀನು ಬೀರೇಶನ ಕೈಹಿಡಿದು ಹೋದ ಮೇಲೆ, ಸೆರಗಿನ ನಕ್ಷೆ ಬರೆಯುವ ಪ್ರೋಗ್ರಾಮು ತೆರೆದಾಗಲೆಲ್ಲ ಮೊದಲು ನಿನ್ನ ಹೆಸರು ಕಾಣುತ್ತಿತ್ತು. ನಮ್ಮ ಸೆರಗಿನ ಹಣಿಗೆ, ಕೋಟೆ, ತೆನೆಯ ಚಿತ್ತಾರಗಳನ್ನೆಲ್ಲ ಚೌಕದಲ್ಲಿ ಕೂರಿಸಿ ನೀನೇ ಒಂದು ಪ್ಯಾಕೇಜು ಮಾಡಿ, ಅದಕ್ಕೆ ನಿನ್ನ ಹೆಸರಿಟ್ಟಿದ್ದೆಯಲ್ಲ, ಅದು. ದಿನಾ ಬೆಳಿಗ್ಗೆ ಆ ಹೆಸರು ನೋಡಲಾರದೆ ಖಾದರಬಾಷಾನನ್ನು ಕರೆಸಿ, ಅಳಿಸು ಎಂದೆ. ಕಂಪ್ಯೂಟರ್ ನಡೆಸಲು ನೀನು ಹಾಕಿದ್ದ ಆ ಲಿನಕ್ಸ್ ಬಹಳ ಮರ್ಯಾದಸ್ಥ. ಅಳಿಸುವ ಮೊದಲು ಉದ್ದನೆಯ ಪಟ್ಟಿ ತೋರಿಸಿ, ಹೌದೋ ಅಲ್ಲವೋ ಎಂದು ಕೇಳಿತು. ಅವನು ಓದಿ ಕೈ ಹಿಂದೆಗೆದ. "ಇದೊಂದ ಹೋಗೂದಿಲ್ರಿ ಕಾಕಾ. ಇದರ ಮ್ಯಾಲೆ ನಿಂತಾವೆಲ್ಲಾ ಹೊಕ್ಕಾವ," ಎಂದ. ಹೋಗಲಿ ಎಂದೆ. ನನ್ನ ಸಿಟ್ಟು ನಿನಗೆ ಹೊಸದಲ್ಲ. ನಕ್ಷೆಯ ಪ್ರೋಗ್ರಾಮೂ ಅದರ ಹಿಂದೆ ಇನ್ನೆಷ್ಟೋ ಅಂದೇ ಹೋದವು.

ಹೋದ ಶ್ರಾವಣದಲ್ಲಿ ನಿನಗೆ ಹೆಣ್ಣುಕೂಸಾದ ಸುದ್ದಿ ಬಂದ ವಾರವೇ ನಿನ್ನ ಅವ್ವ ಮಗ್ಗಕ್ಕೆ ದಾಳಿಂಬೆ ಬಣ್ಣದ ಹಾಸುನೂಲು ಏರಿಸಿದಳು. ಯಾರಿಗೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸೀರೆಯ ಒಡಲು ನೇಯ್ದು ಮುಗಿಸಿ, ಹಿಂದೆ ನೀನೂ ಅವಳೂ ಕೂತು ಬರೆದಿದ್ದ ಸೆರಗಿನ ನಕ್ಷೆ ತೆಗೆದುಕೊಡಿ ಎಂದಳು. ಫೈಲು ಇತ್ತು, ತೆರೆಯುವ ಪ್ರೋಗ್ರಾಮು ಇರಲಿಲ್ಲ. ಬೇರೆ ಸೆರಗು ಹಾಕು ಎಂದರೆ ಒಲ್ಲೆ ಎಂದಳು. ಕಾರ್ತಿಕದಲ್ಲಿ ಮಲಗಿದವಳು ಹನ್ನೊಂದು ದಿನಕ್ಕೆ ಹೋಗಿಬಿಟ್ಟಳು. ಅಂದು ನೀನು ಅಳುತ್ತ ಬಂದದ್ದು, ನಾನು ನಿನ್ನನ್ನು ಕಟ್ಟೆಯ ಮೇಲೆಯೇ ನಿಲ್ಲಿಸಿ ಒಳಗೆ ಬಿಡದಿದ್ದದ್ದು, ಎಲ್ಲವನ್ನೂ ಓಣಿಯೇ ನೋಡಿದೆ; ನಾನು ಮತ್ತೆ ಬರೆಯುವುದೇನು. ಆ ಸೀರೆ ಇನ್ನೂ ಮಗ್ಗದ ಮೇಲೆಯೇ ಇದೆ. ಧೂಳು ಕೂರದಿರಲೆಂದು ಅವಳದೇ ಹಳೆಯ ಸೀರೆ ಹೊದಿಸಿದ್ದೇನೆ. ಆ ಕೋಣೆಗೆ ಕಾಲಿಡಲು ನನ್ನಿಂದಾಗುವುದಿಲ್ಲ ಮಗಳೇ.

ಅವಳ ದಿನಕಾರ್ಯಗಳು ಮುಗಿದ ಮೇಲೆ ಖಾದರಬಾಷಾನ ಕೈಕಾಲು ಹಿಡಿದೆ. ನಕ್ಷೆಯ ಪ್ರೋಗ್ರಾಮು ಹಾಕಹೋದರೆ ಅದಕ್ಕೆ ಇನ್ನೊಂದು ಪ್ರೋಗ್ರಾಮು ಬೇಕು. ಆ ಇನ್ನೊಂದಕ್ಕೆ ಮತ್ತೊಂದರ ಹಳೆಯದೇ ಬೇಕು, ಹೊಸದು ಬೇಡ. ಮದುವೆಮನೆಯ ಬೀಗರೂ ಇಷ್ಟು ಕೇಳುವುದಿಲ್ಲ. ನನಗೆ ತಾಳ್ಮೆ ತಪ್ಪಿತು. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಕೂಡಿಸುವಾಗ ಎರಡೆಳೆ ಕಡಿಮೆ ಬಿದ್ದರೆ, ಎರಡಕ್ಕೆ ಒಂದೇ ಕೊಂಡಿ ಹಾಕಿ ನೇಯ್ದುಬಿಡುತ್ತೇವಲ್ಲ, ಹಾಗೆಯೇ ಇದನ್ನೂ ಜಗ್ಗಿ ಕೂಡಿಸು ಎಂದು ಹಟ ಹಿಡಿದೆ. ಏನು ಕಡಿಮೆಯಿದ್ದರೂ ಬಲವಂತದಿಂದ ಹಾಕುವ ಆಜ್ಞೆಯೊಂದಿದೆಯಂತೆ. ಬೇಡ ಬೇಡ ಎನ್ನುತ್ತಲೇ ಹಾಕಿದ. ಪ್ರೋಗ್ರಾಮು ತೆರೆಯಿತು, ಸೆರಗಿನ ಜಾಗದಲ್ಲಿ ಮಾತ್ರ ಬರೀ ಖಾಲಿ ಚೌಕಗಳು. ಮರುದಿನ ಕಂಪ್ಯೂಟರೇ ಏಳಲಿಲ್ಲ. ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಕೂತೆ. ಅವನು ಆ ಫೈಲನ್ನು ಜೋಪಾನವಾಗಿ ಬೇರೆ ತೆಗೆದಿಟ್ಟು, ಎಲ್ಲಿಂದಲೋ ಹಳೆಯ ಸೀಡಿಗಳನ್ನು ತಂದು, ಯಾವುದರ ಮೇಲೆ ಯಾವುದು ನಿಲ್ಲುತ್ತದೆಂದು ನೋಡುತ್ತ ಬುಡದಿಂದ ಹಾಕುತ್ತ ಬಂದ. ಅವನ ಅಂಗಡಿಗೆ ರಜೆಯಿರುವುದು ಸೋಮವಾರ; ಆರು ಸೋಮವಾರ ಹಿಡಿಯಿತು. ಹೋದ ಸೋಮವಾರ ಎಲ್ಲವೂ ಕೂಡಿದವು, ಒಂದರ ಹೊರತು. ಅದು ಯಾವ ಸೀಡಿಯಲ್ಲೂ ಇಲ್ಲ, ಇಂಟರ್ನೆಟ್ಟಿನಲ್ಲೂ ಇಲ್ಲ. ಅದಿಲ್ಲದೆ ಆಗುವುದಿಲ್ಲ ಎಂದು ಪರದೆಯ ಮೇಲೆ ಅದರ ಹೆಸರೊಂದೇ ನಿಂತಿತ್ತು. ನಿನ್ನ ಹೆಸರು, ನಾನು ಅಳಿಸಿದ್ದು. ಖಾದರಬಾಷಾನ ಎದುರೇ ಅತ್ತುಬಿಟ್ಟೆ.

ಅದರ ಪ್ರತಿ ನಿನ್ನ ಹತ್ತಿರ ಇದ್ದೀತೆಂದು ಅವನು ಹೇಳುತ್ತಾನೆ. ಇದ್ದರೆ ಸೀಡಿಗೆ ಹಾಕಿ ಬೀರೇಶನ ಕೈಯಲ್ಲಿ ಕಳಿಸಿದರೂ ಆದೀತು. ಸೆರಗನ್ನು ನಾನೇ ನೇಯುತ್ತೇನೆ, ಕಣ್ಣು ಇನ್ನೂ ಅಷ್ಟು ಕೆಟ್ಟಿಲ್ಲ. ಅವನಿಗೂ ನನ್ನ ಆಶೀರ್ವಾದ ತಿಳಿಸು. ಕೂಸಿನ ನೆತ್ತಿಗೆ ಒಂದು ಮುತ್ತು, ಅಜ್ಜನದೆಂದು ಹೇಳಿ ಕೊಡು.

ನಿನ್ನ ಅಪ್ಪ,
ಹೊಳಬಸಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಆ ಹನ್ನೊಂದು ದಿನವೂ ನಿನ್ನ ಅವ್ವ ಕೇಳಿದ್ದು ಒಂದೇ ಮಾತು, "ಶ್ರುತಿಗೆ ಹೇಳಿ ಕಳಿಸೀರೇನ್ರಿ?" ನಾನು ಕಳಿಸಲಿಲ್ಲ. ಕಳಿಸಿದ್ದೇನೆ, ಆಕೆಯೇ ಬರಲು ಒಲ್ಲೆ ಎಂದಳು ಎಂದು ಸುಳ್ಳು ಹೇಳಿದೆ. ಅದನ್ನು ನಂಬಿಕೊಂಡೇ ಅವಳು ಹೋದಳು. ನಂಬಿದ ಮೇಲೂ ಅವಳಾಡಿದ ಕೊನೆಯ ಮಾತು, "ಸೆರಗ ಮುಗಿಸಿ ಆಕಿಗೆ ಮುಟ್ಟಸ್ರಿ." ಇದನ್ನು ಓದಿದ ಮೇಲೂ ಮನಸ್ಸಾದರೆ ಸೀಡಿ ಕಳಿಸು.