ಹಲಗೆಯ ಮೇಲೆ ನಿಂತ ಗೆರೆ

ವಿಥಿಕೋಂಬ್ ಫಾರ್ಮ್, ಸೋಮರ್ಸೆಟ್
ಜೂನ್ ೧೫, ಸೋಮವಾರ

ಪ್ರೀತಿಯ ಹೆಡ್ಲಿ,

ಹೇಗಿದ್ದೀಯ? ಉಸಿರಾಟ ಹೇಗಿದೆ, ಮೊದಲು ಅದನ್ನು ಹೇಳು. ಮೆಟ್ಟಿಲು ಹತ್ತುವಾಗ ಇನ್ನೂ ಏದುಸಿರು ಬರುತ್ತದೆಯೇ? ಸಮುದ್ರದ ಗಾಳಿಗೆ ಕೆಮ್ಮು ನಿಂತಿದೆ ಎಂದು ನಿನ್ನ ಅಕ್ಕ ಫೋನಿನಲ್ಲಿ ಹೇಳಿದರು. ನೀನು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಔಷಧಿ ಎಳೆದುಕೊಳ್ಳುವ ಆ ನೀಲಿ ಪಂಪನ್ನು ಅಕ್ಕನ ಮನೆಯಲ್ಲಿ ಮರೆತು ಬೀಚಿಗೆ ಹೋಗಬೇಡ. ಇಲ್ಲಿ ಎಲ್ಲ ಕ್ಷೇಮ. ಹೊಸ ಹುಲ್ಲು ಮೇದು ಹಸುಗಳ ಹಾಲು ಹಳದಿಗೆ ತಿರುಗಿದೆ. ನಿನ್ನ ಅಪ್ಪನೂ ಗಟ್ಟಿಯಾಗಿದ್ದಾರೆ, ಅವರ ಬಾಯಿ ಇನ್ನೂ ಗಟ್ಟಿ.

ಈಗ ಸುದ್ದಿ ಕೇಳು. ನಿನ್ನ ಎದೆ ಕೆಡಿಸಿದ್ದು ಚೀಸ್ ಸಿಪ್ಪೆ ತಿನ್ನುವ ಸಣ್ಣ ನುಸಿಯ ಪುಡಿ, ಚೀಸ್ ಮಾಗಿಸುವ ಕೋಣೆಗೆ ಇನ್ನು ಕಾಲಿಡಬಾರದು ಎಂದು ಫೆಬ್ರವರಿಯಲ್ಲಿ ಡಾಕ್ಟರು ಹೇಳಿದಾಗಿನ ನಿನ್ನ ಮುಖ ನನ್ನ ಕಣ್ಣಿಂದ ಹೋಗಿಲ್ಲ. ಮದುವೆಯ ದಿನವೂ ಚರ್ಚಿನಿಂದ ನೇರವಾಗಿ ಚೀಸ್ ಮಗುಚಲು ಹೋದ ಗಂಡಸು ನೀನು. ನುಸಿ ಇರಬೇಕು, ಇಲ್ಲವೇ ನನ್ನ ಗಂಡ ಇರಬೇಕು ಎಂದು ಅವತ್ತೇ ತೀರ್ಮಾನಿಸಿದೆ. ನುಸಿ ಕೊಲ್ಲುವ ಓಜೋನ್ ಅನಿಲ ಬಿಡುವ ಯಂತ್ರ ತರಿಸಿದೆ. ಮಾವ ಬಿಡುತ್ತಾರೆಯೇ? "ನಮ್ಮಜ್ಜನ ಕಾಲದಿಂದ ನುಸಿ ಜೊತೆ ಬಾಳಿದೀವಿ. ಬ್ರಷ್ ಹಿಡಿದು ಉಜ್ಜೋದು ಬಿಟ್ಟು ಗಾಳಿಗೆ ಕರೆಂಟ್ ಕೊಟ್ಟು ನುಸಿ ಓಡಿಸ್ತಾಳಂತೆ" ಎಂದು ಪಬ್ಬಿನಲ್ಲೆಲ್ಲ ಸಾರಿದರು. ಊರು ನಕ್ಕಿತು. ನಗಲಿ ಎಂದು ಬಿಟ್ಟೆ.

ರಾತ್ರಿಯಿಡೀ ಬಾಗಿಲು ಭದ್ರವಾಗಿ ಹಾಕಿ ಯಂತ್ರ ಓಡಿಸುವುದು, ಬೆಳಗ್ಗೆ ಮಾಪಕ ಸೊನ್ನೆಗೆ ಇಳಿದ ಮೇಲೆಯೇ ಒಳಗೆ ಹೋಗುವುದು. ಆ ಅನಿಲ ನಮ್ಮ ಎದೆಗೂ ಒಳ್ಳೆಯದಲ್ಲ. ಆದರೆ ಏಪ್ರಿಲ್ ಪೂರ್ತಿ ಓಡಿಸಿದರೂ ನುಸಿ ಜಗ್ಗಲಿಲ್ಲ. ನಿನ್ನ ಅಪ್ಪನ ಪರೀಕ್ಷೆ ನಿನಗೆ ಗೊತ್ತಲ್ಲ: ಸಂಜೆ ಹಲಗೆಯ ಮೇಲಿನ ಕಂದು ಪುಡಿಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದರು, ಬೆಳಗ್ಗೆ ನೋಡಿದರೆ ಪುಡಿಯೊಳಗಿನ ನುಸಿ ಹರಿದಾಡಿ ಗೆರೆ ಮುಚ್ಚಿಹೋಗಿರುತ್ತಿತ್ತು. "ನೋಡಮ್ಮ, ಪುಡಿ ಹೆಂಗೆ ನಡೀತಾ ಇದೆ. ನಿನ್ನ ಗ್ಯಾಸ್ ಕುಡಿದು ಕೊಬ್ಬಿದಾವೆ" ಎನ್ನುತ್ತಿದ್ದರು. ಒಂದು ದಿನ ಹಾಲಿನ ಕ್ಯಾನಿನ ಮೇಲೆ ಕೂತು ಅತ್ತುಬಿಟ್ಟೆ ಹೆಡ್ಲಿ. ನೀನು ಇನ್ನು ಬರುವುದೇ ಇಲ್ಲ ಅನ್ನಿಸಿತ್ತು.

ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಬಾಗಿಲು ತೆಗೆದರೆ ಚೀಸ್ ಮೇಲೆ ಕವಲುಬಾಲದ ಬಾನಾಡಿಯೊಂದು ಹಾಯಾಗಿ ಕೂತು ಹಿಕ್ಕೆ ಹಾಕುತ್ತಿದೆ. ಮುಚ್ಚಿದ ಕೋಣೆಗೆ ಹಕ್ಕಿ ಬಂದದ್ದು ಎಲ್ಲಿಂದ? ಹುಡುಕಿದರೆ, ಹಿಂದಿನ ಗೋಡೆಯ ಪುಟ್ಟ ಕಿಟಕಿ ತೆರೆದಿದೆ, ಅನಿಲವೆಲ್ಲ ಅಲ್ಲಿಂದಲೇ ಸೋರಿಹೋಗಿದೆ. ಹಾಲು ಕರೆದಾದ ಮೇಲೆ ದಿನಾ ಸಂಜೆ ಅದನ್ನು ತೆಗೆಯುತ್ತಿದ್ದವರು ಮಾವ. ಕೇಳಿದರೆ ಮಗುವಿನ ಹಾಗೆ ಮುಖ ಮಾಡಿ, "ಚೀಸ್‌ಗೆ ಉಸಿರು ಬೇಡ್ವಾ? ನಮ್ಮಪ್ಪ ದಿನಾ ತೆಗೀತಿದ್ದ. ನಾನು ತೆಗೀದೆ ಇರ್ತೀನಾ?" ಎಂದರು. ನನ್ನ ಪಿತ್ತ ನೆತ್ತಿಗೇರಿತು. "ಮಾವ, ಉಸಿರು ಬೇಕಾಗಿರೋದು ಚೀಸ್‌ಗಲ್ಲ, ನಿಮ್ಮ ಮಗನಿಗೆ" ಎಂದೆ. ಅವರು ಕೊಟ್ಟಿಗೆಗೆ ಹೋಗಿ ಸುತ್ತಿಗೆ ಮೊಳೆ ತಂದು ಕಿಟಕಿಗೆ ತಾವೇ ಹಲಗೆ ಬಡಿದರು, ಬೆರಳಿಗೂ ಒಂದು ಏಟು ಬಡಿದುಕೊಂಡರು.

ಆಮೇಲೆ ಇಬ್ಬರೂ ಸೇರಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಪ್ರತಿಯೊಂದು ಚೀಸನ್ನೂ ಉಜ್ಜಿದೆವು, ಹಲಗೆಗಳನ್ನು ತೊಳೆದೆವು, ಮತ್ತೆ ಯಂತ್ರ ಓಡಿಸಿದೆವು. ಪರೀಕ್ಷೆಗೆಂದು ಒಂದೇ ಒಂದು ಹಲಗೆಯ ಪುಡಿಯನ್ನು ಮಾವ ಉಳಿಸಿಕೊಂಡಿದ್ದರು. ಕಳೆದ ವಾರ ಅದರಲ್ಲಿ ಅವರು ಎಳೆದ ಗೆರೆ ಬೆಳಗ್ಗೆ ಹಾಗೆಯೇ ಇತ್ತು. ಮರುದಿನವೂ ಇತ್ತು. ಇವತ್ತಿಗೂ ಇದೆ. ಗೆದ್ದೆವು ಹೆಡ್ಲಿ, ಗೆದ್ದೇ ಗೆದ್ದೆವು. ನಕ್ಕವರನ್ನೆಲ್ಲ ಮಾವನೇ ಪಬ್ಬಿನಿಂದ ಕರೆತಂದು ಗೆರೆ ತೋರಿಸಿದರು. "ಯಂತ್ರ ಏನೋ ಸೊಸೇದು. ಆದ್ರೆ ಕಿಟಕಿಗೆ ಮೊಳೆ ಹೊಡೆದೋನು ನಾನು" ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಕಿಟಕಿ ತೆಗೆದವರು ಯಾರೆಂದು ನಾನು ಬಾಯಿ ಬಿಡಲಿಲ್ಲ. ಆ ಗೆರೆಯನ್ನು ಯಾರೂ ಒರೆಸಕೂಡದಂತೆ, ನೀನು ನೋಡಬೇಕಂತೆ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು, ನಿನ್ನನ್ನು ಸಹಿಸಿಕೊಂಡದ್ದಕ್ಕೆ ಒಂದು ದೊಡ್ಡ ಚೀಸ್ ಅವರಿಗೆ ಬಾಕಿಯಿದೆ. ಹೊತ್ತಿಗೆ ಸರಿಯಾಗಿ ಉಣ್ಣು, ಬೆಚ್ಚಗಿರು.

ನಿನ್ನ
ಮೆರಿಯಲ್

ಮರೆತೆ: ಅಂಚೆಯವನು ಗೇಟಿನಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಶುಕ್ರವಾರ ಡಾಕ್ಟರೇ ಬಂದು ಕೋಣೆ ನೋಡಿದರು. ನೀನು ಮಾಸ್ಕ್ ಹಾಕಿಕೊಂಡು, ಮೊದಮೊದಲು ದಿನಕ್ಕೆ ಸ್ವಲ್ಪ ಹೊತ್ತು ಒಳಗೆ ಹೋಗಬಹುದು ಎಂದಿದ್ದಾರೆ. ನೀನು ಹೋಗುವ ಮುಂಚೆ ಮಾಡಿದ ಕೊನೆಯ ಚೀಸನ್ನು ಇನ್ನೂ ಯಾರೂ ಕೊರೆದು ರುಚಿ ನೋಡಿಲ್ಲ. ಮಾಡಿದವನೇ ಮೊದಲು ಕೊರೆಯಬೇಕೆಂದು ಮಾವ ಅದನ್ನು ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಒಳಗಿದ್ದ ನಿನ್ನ ಹಳೆಯ ರಬ್ಬರ್ ಬೂಟುಗಳನ್ನು ಓಜೋನ್ ತಿಂದು ಬಿರುಕು ಬಿಡಿಸಿದೆ. ಹೊಸ ಜೊತೆ ತಂದು ಬಾಗಿಲ ಹೊರಗೆ ಇಟ್ಟಿದ್ದೇನೆ. ಶನಿವಾರದ ರೈಲಿಗೆ ಮನೆಗೆ ಬಾ.