ಉಪ್ಪು ತೊಳೆಯುವ ಮಳೆ

ಮಾರ್ಚ್ 3, 1996. ಭಾನುವಾರ. ಸಂಜೆ ಆರು.

ಚರ್ಚ್‌ನಿಂದ ಬಂದು ನಿನ್ನೆಯ ಬೀನ್ಸ್ ಬಿಸಿ ಮಾಡಿ ಉಂಡೆ. ಗ್ಯಾರೇಜಿನಲ್ಲಿ ಕಾರಿನ ಬ್ಯಾಟರಿಗೆ ಚಾರ್ಜರ್ ಹಾಕಿದೆ. ಹೊದಿಕೆ ಪೂರ್ತಿ ತೆಗೆಯಲಿಲ್ಲ. ನನ್ನ ಹೆಂಡತಿ ಒಡೆಸಾ ತೀರಿಕೊಂಡು ಇಂದಿಗೆ ಏಳು ವಾರ. ಚರ್ಚಿನ ಹಾಡುವ ತಂಡದಲ್ಲಿ ಅವಳು ನಿಲ್ಲುತ್ತಿದ್ದ ಜಾಗ ಇನ್ನೂ ಖಾಲಿ ಬಿಟ್ಟಿದ್ದಾರೆ.

ನಾಲ್ಕಕ್ಕೆ ಮಗಳು ವರ್ಲೀನ್ ಬಂದಳು. ಸ್ಟುಡಿಯೋದ ಗ್ರೇಡಿ ಒಂದು ಕ್ಯಾಸೆಟ್ ಕೊಟ್ಟು ಕಳಿಸಿದ್ದಾನೆ. ನವೆಂಬರ್‌ನಲ್ಲಿ ಒಡೆಸಾ ಹಾಡಿದ್ದು. ಕೊನೆಯದು. ಮನೆಯವರು ಒಪ್ಪಿದರೆ ಈಸ್ಟರ್‌ಗೆ ಹೊರತರುತ್ತಾರಂತೆ. ತಿಂಗಳೊಳಗೆ ಹೇಳಬೇಕು.

ವರ್ಲೀನ್ ಅಡುಗೆಮನೆಯ ಪ್ಲೇಯರ್‌ಗೆ ಹಾಕಲು ಹೊರಟಳು. ಕೈಯಿಂದ ಕಿತ್ತುಕೊಂಡೆ. ಮೂವತ್ತನಾಲ್ಕು ವರ್ಷ, ಕಾರಿನಲ್ಲಿ ಕೇಳದೆ ಒಡೆಸಾ ತನ್ನ ಒಂದು ಹಾಡನ್ನೂ ಒಪ್ಪಿದವಳಲ್ಲ. "ಸ್ಟುಡಿಯೋದ ಆ ದೊಡ್ಡ ಸ್ಪೀಕರಲ್ಲಿ ಕಾಗೆ ಕೂಗಿದ್ರೂ ಇಂಪೇ. ಜನ ಕೇಳೋದು ಕಾರಲ್ಲಿ, ಕೆಲಸಕ್ಕೆ ಹೋಗ್ತಾ," ಅನ್ನುತ್ತಿದ್ದಳು.

ಹಾಗಿದ್ದರೆ ಈಗಲೇ ಹೋಗೋಣ ಎಂದಳು ಮಗಳು. ರಸ್ತೆಯ ಮೇಲೆ ಉಪ್ಪಿದೆ ಎಂದೆ. ಹಿಮ ಕರಗಲು ಸುರಿದ ಉಪ್ಪು ಹಳೆಯ ಕಾರಿನ ತಳವನ್ನು ತಿಂದುಬಿಡುತ್ತದೆ. ಜೋರು ಮಳೆ ಬಂದು ತೊಳೆಯುವವರೆಗೆ ಡೆಟ್ರಾಯ್ಟ್‌ನಲ್ಲಿ ಬುದ್ಧಿ ಇರುವವರು ಹೊರಗೆ ತೆಗೆಯುವುದಿಲ್ಲ. ನಿಂತ ಕಾರಿನಲ್ಲೇ ಕೇಳಬಹುದಲ್ಲ ಎಂದಳು. ಆಗದು. ಚಕ್ರ ತಿರುಗುತ್ತಿರಬೇಕು. ಅದು ಅವಳಮ್ಮನ ನಿಯಮ.

ಮಾರ್ಚ್ 5. ಮಂಗಳವಾರ.

ಮತ್ತೆ ಹಿಮ. ಉಪ್ಪಿನ ಲಾರಿ ಎರಡು ಸಲ ಹೋಯಿತು. ಸಮಾಧಾನವಾಯಿತು... ಬರೆಯಲೇ ನಾಚಿಕೆ.

ಕಾರು 1960ರ ಕ್ಯಾಡಿಲಾಕ್. ಕಡು ಹಸಿರು. ಆ ವರ್ಷ ನಾನು ಕ್ಲಾರ್ಕ್ ಸ್ಟ್ರೀಟ್ ಕಾರ್ಖಾನೆಯಲ್ಲಿ ಅದೇ ಕಾರುಗಳ ಸೀಟು ಹೊಲಿಯುತ್ತಿದ್ದೆ. ದಿನವಿಡೀ ಹೊಲಿದರೂ ಒಂದರ ಮೇಲೂ ಕೂತವನಲ್ಲ. ಅರವತ್ತೆರಡರಲ್ಲಿ ಒಡೆಸಾಳ ಮೊದಲ ರೆಕಾರ್ಡ್ ಓಡಿತು. ಒಂದು ಸಂಜೆ ಶಿಫ್ಟ್ ಮುಗಿಸಿ ಬರುತ್ತೇನೆ, ಗೇಟಿನ ಮುಂದೆ ಈ ಕಾರು. ಸೆಕೆಂಡ್‌ಹ್ಯಾಂಡ್. ಒಳಗೆ ಬಿಳಿ ಗ್ಲೌಸ್ ಹಾಕಿಕೊಂಡು ಹಾರ್ನ್ ಒತ್ತುತ್ತಿದ್ದಾಳೆ. ನನ್ನ ಪಕ್ಕದ ಮೆಷಿನ್ನಿನ ಗೆಳೆಯ ಹೊಸೇಯ ನನ್ನತ್ತ ಕೈ ತೋರಿಸಿ, ಎಲ್ಲರಿಗೂ ಕೇಳುವಂತೆ, "ನೋಡ್ರಪ್ಪ, ನಮ್ಮ ಪೆಟ್‌ವೇ ಹೊಲಿದ ಸೀಟಿನ ಮೇಲೆ ಅವನನ್ನೇ ಕೂರಿಸೋಕೆ ಹೆಂಡ್ತಿ ಬಂದವ್ಳೆ," ಎಂದ.

ಹೊಲಿಗೆ ನಿನ್ನದೇನಾ ಎಂದು ಕೇಳಿದಳು. ಬೆರಳಾಡಿಸಿ ನೋಡಿದೆ. ಗೊತ್ತಾಗಲಿಲ್ಲ. ಹೌದು ಎಂದುಬಿಟ್ಟೆ. ಕಾರು ಹತ್ತಿದವರಿಗೆಲ್ಲ ಅವಳು ಅದನ್ನೇ ಹೇಳಿದಳು, ಕೊನೆಯವರೆಗೂ.

ಮಾರ್ಚ್ 14. ಗುರುವಾರ.

ಗ್ರೇಡಿ ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ. ಕ್ಯಾಸೆಟ್ ಸಕ್ಕರೆ ಡಬ್ಬದ ಪಕ್ಕದಲ್ಲಿದೆ. ಕಾಫಿ ಮಾಡುವಾಗಲೆಲ್ಲ ಕಾಣುತ್ತದೆ.

ಇವತ್ತೆಲ್ಲ ಅಲಬಾಮಾದ ನೆನಪು. ಹಾಡಲು ಕರೆಯುವ ಊರುಗಳಲ್ಲಿ ಮಲಗಲು ಕರಿಯರಾದ ನಮಗೆ ರೂಮು ಕೊಡುತ್ತಿರಲಿಲ್ಲ. ಹಿಂದಿನ ಸೀಟು ಅವಳಿಗೆ, ಮುಂದಿನದು ನನಗೆ. ಷೂ ಡಬ್ಬದಲ್ಲಿ ಕಟ್ಟಿಕೊಂಡ ಕರಿದ ಕೋಳಿ. ಬೆಳಿಗ್ಗೆ ಯಾವುದೋ ಚರ್ಚಿನ ಪಂಪಿನಲ್ಲಿ ಮುಖ ತೊಳೆದು, ಕಾರಿನ ಕನ್ನಡಿಯಲ್ಲಿ ತಲೆ ಬಾಚಿ, ರಾಣಿಯಂತೆ ಇಳಿಯುತ್ತಿದ್ದಳು. "ಇಷ್ಟು ದೊಡ್ಡ ರೂಮು ಅವರ ಹೋಟೆಲಲ್ಲೂ ಇಲ್ಲ ಬಿಡು," ಅನ್ನುತ್ತಿದ್ದಳು.

ಮಾರ್ಚ್ 25. ಸೋಮವಾರ.

ಬೆಳಗಿನಿಂದ ಜಡಿಮಳೆ. ಚರಂಡಿಯಲ್ಲಿ ಬೂದು ನೀರು, ಮಧ್ಯಾಹ್ನದ ಹೊತ್ತಿಗೆ ತಿಳಿ.

ಹೊಸೇಯ ಕೊಡೆ ಹಿಡಿದು ಬಂದ. "ರಸ್ತೆ ತೊಳೆದಾಯ್ತು ಬ್ರದರ್. ಇನ್ನು ಯಾವ ನೆಪ ಹುಡುಕ್ತೀಯ?"

ಟೈರಿಗೆ ಗಾಳಿ ಕಮ್ಮಿ ಎಂದೆ. ಕೊಡೆಯ ಕೆಳಗಿಂದ ಪಂಪ್ ತೆಗೆದ. ತಂದೇ ಬಂದಿದ್ದ.

ಆಗ ಹೇಳಿದೆ. "ಅವಳದು ನಾನು ಕೇಳದೇ ಇರೋದು ಇದೊಂದೇ ಉಳಿದಿರೋದು. ಕೇಳಿಬಿಟ್ರೆ ಮುಗೀತು."

ಅವನು ಕೊಡೆ ಮಡಚಿಟ್ಟ. ಮಂಡಿಯೂರಿ ನಾಲ್ಕೂ ಟೈರಿಗೆ ಗಾಳಿ ತುಂಬಿದ. ಪ್ಯಾಂಟಿನ ಧೂಳು ಕೊಡವಿಕೊಂಡು ಹೋದ.

ಮಾರ್ಚ್ 27. ಬುಧವಾರ. ಮಧ್ಯಾಹ್ನ ಎರಡು.

ಬಿಸಿಲು. ಹೊದಿಕೆ ತೆಗೆದೆ. ಆಶ್‌ಟ್ರೇಯಲ್ಲಿ ಅವಳ ಎರಡು ಹೇರ್‌ಪಿನ್. ಹಾಗೇ ಬಿಟ್ಟೆ. ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ವರ್ಲೀನ್ ತಾನಾಗಿಯೇ ಹಿಂದೆ ಕೂತಳು. ಮುಂದಿನ ಸೀಟು ಅವಳಮ್ಮನದು.

ಸೇತುವೆ ದಾಟಿ ಬೆಲ್ ಐಲ್ ದ್ವೀಪಕ್ಕೆ, ನದಿಯ ಬದಿಯ ರಸ್ತೆ. ಯಾವಾಗಲೂ ಅದೇ ದಾರಿ. ಒಡೆಸಾ ಚಪ್ಪಲಿ ಬಿಚ್ಚಿ, ಕಣ್ಣು ಮುಚ್ಚಿ, ಬಾಗಿಲಿನ ಕೈಯಾಸರೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಬೆರಳು ನಿಂತಿತೆಂದರೆ ಹಾಡು ಸ್ಟುಡಿಯೋಗೆ ವಾಪಸ್. ಮಾತಿಲ್ಲ.

ಆಮೇಲೆ ಕೂಡಿಸಿದ್ದ ಪ್ಲೇಯರ್‌ಗೆ ಕ್ಯಾಸೆಟ್ ಹಾಕಿದೆ. ಡ್ಯಾಶ್‌ಬೋರ್ಡಿನ ಆ ಒಂದೇ ಹಳೆಯ ಸ್ಪೀಕರಿನಿಂದ... ಅವಳು. ದಾರಿ ಮಸುಕಾಯಿತು. ನಿಧಾನ ಮಾಡಿದೆ. ನನಗೇ ತಿಳಿಯದೆ ಸ್ಟೀರಿಂಗ್ ಮೇಲೆ ಬೆರಳು ಆಡುತ್ತಿತ್ತು.

ಕೊನೆಯ ಚರಣಕ್ಕೆ ಮುಂಚೆ ಬೆರಳು ನಿಂತಿತು.

ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಅಲ್ಲೇ ನಿಂತಿತು. ಮೂರನೇ ಸಲಕ್ಕೆ ತಿಳಿಯಿತು. ಅಲ್ಲಿ ಅವಳು ಉಸಿರೆಳೆಯುವ ಸದ್ದಿಲ್ಲ. ನವೆಂಬರ್‌ನಲ್ಲಿ ಸ್ಟುಡಿಯೋದಲ್ಲಿ ಅವಳು ಹಾಡುವಾಗ ಗಾಜಿನ ಈಚೆ ನಿಂತು ನೋಡಿದ್ದೆ. ಹಾಡು ಕೇಳುತ್ತಿರಲಿಲ್ಲ, ಆದರೆ ಮುಗಿಯುವ ಸ್ವಲ್ಪ ಮುಂಚೆ ಮೈಕಿನ ಸ್ಟ್ಯಾಂಡ್ ಹಿಡಿದುಕೊಂಡು, ಭುಜ ಎತ್ತಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಉಸಿರೆಳೆದದ್ದು ಕಂಡಿತ್ತು. ಅದನ್ನು ಅಳಿಸಿದ್ದಾರೆ.

"ಚೆನ್ನಾಗೇ ಇದ್ಯಲ್ಲಪ್ಪ," ಎಂದಳು ವರ್ಲೀನ್. "ಅಮ್ಮ ಹುಷಾರಾಗಿರೋ ಹಾಗೆ ಕೇಳ್ಸುತ್ತೆ."

"ಹುಷಾರಿರಲಿಲ್ಲ ಕಣಮ್ಮ. ಆದ್ರೂ ಹಾಡಿದ್ಳು."

ಮಾರ್ಚ್ 28. ಗುರುವಾರ. ಸಂಜೆ.

ಗ್ರೇಡಿಗೆ ಫೋನ್ ಮಾಡಿದೆ. ಆ ಉಸಿರು ಕೇಳಿದರೆ ಕಾಯಿಲೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಅವರ ಮರ್ಯಾದೆಗೆಂದೇ ತೆಗೆದೆವು ಎಂದ. ಒಳ್ಳೆಯ ಮನುಷ್ಯ. ಜಗಳವಾಡಲಿಲ್ಲ.

"ಆ ಉಸಿರಿಗೆ ಅವಳು ಪಟ್ಟ ಪಾಡು ನಾನು ನೋಡಿದೀನಿ. ವಾಪಸ್ ಹಾಕಿ. ಇಲ್ಲಾಂದ್ರೆ ಹಾಡು ಬೇಡ."

ಗ್ರೇಡಿ ಏನೋ ಬರೆದುಕೊಂಡ. ಆಮೇಲೆ, ಇಂದು ರಾತ್ರಿಯೇ ಸರಿ ಮಾಡಿಸುತ್ತೇನೆ, ಇನ್ನೊಮ್ಮೆ ಕೇಳಿ ಹೇಳಿ, ಎಂದ.

ಫೋನ್ ಇಟ್ಟು ಗ್ಯಾರೇಜಿಗೆ ಹೋಗಿ ಅವಳ ಸೀಟನ್ನು ಒರೆಸಿದೆ. ಹೊಲಿಗೆ ಇನ್ನೂ ಗಟ್ಟಿಯಾಗಿದೆ. ನನ್ನದೇ ಇರಬಹುದು.

ಹೊದಿಕೆ ಹಾಕಲಿಲ್ಲ. ಪೆಟ್ರೋಲ್ ಅರ್ಧ ಟ್ಯಾಂಕ್ ಇದೆ. ಕ್ಯಾಸೆಟ್ ನಾಳೆ ಹತ್ತಕ್ಕೆ ಬರುತ್ತದೆ.